ಅತಿಥಿಗಳ ಕನ್ನಡಕ

ಓದಲು ಕುಳಿತರೆ ಅಣ್ಣ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಆ ಕಣ್ಣಿನ ನೋಟದ ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಯಾವ ಅಕ್ಷರದ ಮೇಲೆ ದೃಷ್ಟಿಯಿಟ್ಟರೂ ಆ ಅಕ್ಷರವೇ ಮಾಯ. "ಈ ಕಣ್ಣಂಗೆ ಕಂಡ್ರೆ ನಿಂಗ್ ಮಂಡೆಯೇ ಇಲ್ಲೆ ಮಾರಾಯ" ಎಂದು ನನ್ನ ಮುಖ ನೋಡಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇವತ್ತಿಗೂ ಬರುವುದಿಲ್ಲ.

ಒಡಹುಟ್ಟಿದ ಅಣ್ಣನಲ್ಲ. ಅವರು ಉಪ್ಪುಂದದವರು, ನಾನು ಕುಂಭಾಶಿಯವನು. ತೊಂಬತ್ತೇಳರ ಸುಮಾರಿಗೆ ಒಂದೇ ಲ್ಯಾಬಿನಲ್ಲಿ, ಒಬ್ಬರೇ ಪ್ರೊಫೆಸರರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು. ವಾಹನದ ಹೊಗೆಯಲ್ಲಿರುವ ವಿಷಾನಿಲ ಪ್ಲಾಟಿನಮ್ ಮೇಲೆ ಕೂತು, ಬೇರೆ ಅನಿಲವಾಗಿ ಏಳುತ್ತದೆ. ಪ್ಲಾಟಿನಮ್ ಇದ್ದ ಹಾಗೇ ಇರುತ್ತದೆ. ಆ ಬದಲಾವಣೆಯನ್ನು ಲೇಸರ್ ಬೆಳಕಿನಲ್ಲಿ ಹಿಡಿಯುವುದು ಅಣ್ಣನ ಕೆಲಸ. ಊರಿಗೆ ಹೊರಟರೆ ಬಸ್ಸು ಬ್ರಹ್ಮಾವರ ದಾಟುವವರೆಗೂ ಅದೇ ಮಾತು: "ಕೂಕಂಬುದ್ ಗೊತ್ತಾತ್ತ್, ಏಳೂದ್ ಗೊತ್ತಾತ್ತ್. ನಡೂಗ್ ಎಂತ ಆತ್ತ್ ಅಂದೇಳಿ ಕಾಣ್ಕ್ ನಂಗೆ."

ಲೇಸರ್ ತಡೆಯುವ ಕನ್ನಡಕ ಲ್ಯಾಬಿನಲ್ಲಿ ಇದ್ದದ್ದು ಎರಡೇ. ಅವೂ ಪ್ರೊಫೆಸರರ ಕಪಾಟಿನಲ್ಲಿ, ಬೀಗದೊಳಗೆ, ನೆಂಟರಿಗೆಂದು ಎತ್ತಿಟ್ಟ ಪಿಂಗಾಣಿ ಕಪ್ಪಿನ ಹಾಗೆ. ಕೇಳಿದರೆ, "ಗೀರು ಬಿದ್ದರೆ ಬಂದವರ ಎದುರು ಮರ್ಯಾದೆ ಹೋಗುತ್ತದೆ" ಎನ್ನುತ್ತಿದ್ದರು.

ಒಂದು ದಿನ ಇಬ್ಬರು ಅತಿಥಿಗಳು ಬಂದರು. ಎರಡೂ ಕನ್ನಡಕ ಅವರ ಮೂಗಿನ ಮೇಲೆ. ಪ್ರಯೋಗ ತೋರಿಸುವ ಹೊತ್ತಿಗೇ ಲೇಸರಿನ ಸಿಗ್ನಲ್ ಬಿದ್ದುಹೋಯಿತು.

"ಬೇಗ ಸರಿ ಮಾಡು, ಕಾಯ್ತಾ ಇದ್ದಾರೆ" ಎಂದರು ಪ್ರೊಫೆಸರರು, ಬಾಗಿಲ ಬಳಿಯೇ ನಿಂತು.

"ಒಂದು ಕನ್ನಡಕ ಕೊಡಿ ಸರ್" ಎಂದರು ಅಣ್ಣ.

"ಅವರ ಮುಖದಿಂದ ಕಿತ್ತು ಕೊಡಲಾ?"

ಅಣ್ಣ ನನ್ನನ್ನು ಕಪ್ಪು ಪರದೆಯ ಆಚೆಗೆ ನೂಕಿದರು. "ನೀ ಹೊರ್ಗ್ ನಿಲ್ಲ್. ಇಬ್ರ್ ಕಣ್ಣೂ ಎಂತಕ್ ಹಾಳ್ ಮಾಡೂದ್?" ಎಂದು, ಕಿರಣದ ದಿಕ್ಕು ಸರಿಪಡಿಸುವ ಕನ್ನಡಿ ತಿರುಗಿಸಲು ಬಗ್ಗಿದರು. ಪರದೆಯ ಸಂದಿಯಲ್ಲಿ ನಾನು ಕಂಡದ್ದು ಇಷ್ಟು: ಅತಿಥಿಗಳಲ್ಲಿ ಒಬ್ಬರು "ಇದೇನು?" ಎಂದು ಕೈ ಚಾಚಿದರು. ಕೈಯಲ್ಲಿ ಸ್ಟೀಲ್ ವಾಚಿತ್ತು. ಬರಿಗಣ್ಣಿಗೆ ಕಾಣದ ಆ ಕಿರಣ ವಾಚಿಗೆ ತಾಗಿ ಅಣ್ಣನ ಕಣ್ಣಿಗೆ ಹೊಡೆಯಿತು. ಅಣ್ಣ "ಒಳ್ಗ್ ಎಂತದೋ ಟಪ್ ಅಂದಂಗಾಯ್ತ್" ಎಂದು ಮೆಲ್ಲಗೆ ಹೇಳಿ ನೆಲದಲ್ಲಿ ಕೂತರು.

ಅವನದೇ ಅಜಾಗರೂಕತೆ ಎಂದುಬಿಟ್ಟರು ಪ್ರೊಫೆಸರರು. ನಾನು ವಾಚಿನ ಮಾತೆತ್ತಿದೆ. "ಬಂದವರ ಸುದ್ದಿ ತೆಗೆಯಬೇಡ" ಎಂದರು. ಗಾಯ ಮಾಗಿದ ಮೇಲೆ ಅಣ್ಣ ಉಳಿದ ಕೆಲಸ ಮುಗಿಸಲು ಬಂದರೆ ಒಳಗೆ ಬಿಡಲಿಲ್ಲ. ಕಣ್ಣು ಊನವಾದವನನ್ನು ಲೇಸರಿನ ಹತ್ತಿರ ಬಿಡುವುದು ಸುರಕ್ಷಿತವಲ್ಲವಂತೆ! ಸುರಕ್ಷತೆ ಎಂಬ ಶಬ್ದ ಆ ಬಾಯಿಂದ ಬಂದದ್ದು ಅದೇ ಮೊದಲು.

ಅಣ್ಣ ಬೈಂದೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತ ವರ್ಷಗಳನ್ನು ಕಳೆದರು. ಡಾಕ್ಟರೇಟ್ ಇಲ್ಲದೆಯೇ, ಐವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ಹೋದರು. ಶ್ರದ್ಧಾಂಜಲಿ ಸಭೆಗೆ ಪ್ರೊಫೆಸರರೂ ಬಂದರು. ಮೈಕು ಹಿಡಿದು, "ಪ್ರತಿಭಾವಂತ. ಸ್ವಲ್ಪ ಅಜಾಗರೂಕ, ಅಷ್ಟೆ" ಎಂದರು.

ನಾನು ಎದ್ದು ನಿಂತೆ. ಪಕ್ಕದಲ್ಲಿದ್ದವರು ಅಂಗಿ ಜಗ್ಗಿದರು: "ಹ್ವಾಯ್, ಕೂಕಣಿ ಮರ್ರೆ. ಸತ್ತವ್ರ್ ಫೋಟೋ ಎದ್ರ್ ಎಂತ ಗಲಾಟಿ?"

ನನ್ನ ಎರಡು ಕಣ್ಣೂ ಅಣ್ಣ ಉಳಿಸಿಕೊಟ್ಟವು. ಅವು ಕಂಡದ್ದನ್ನು ಆ ಫೋಟೋದ ಎದುರಲ್ಲದೆ ಇನ್ನೆಲ್ಲಿ ಹೇಳಲಿ? ಯಾರೋ ಮೈಕು ಆರಿಸಿದರು. ನಾನು ದನಿಯೆತ್ತಿ, ಕಂಡದ್ದನ್ನೆಲ್ಲ ಹೇಳಿ ಮುಗಿಸಿಯೇ ಕೂತೆ.