ಪಾಳಿ ಇಲ್ಲದ ಸೊಸೆ

ಇಳಕಲ್ಲಿನ ಆ ಮನೆಯಲ್ಲಿ ಸಂಜೆಯಾಯಿತೆಂದರೆ ಒಂದೇ ಕೂಗು. “ಭಾಗ್ಯಾ, ಬಾರವಾ, ನಿಮ್ಮ ಮಾವನ್ನ ಹಚ್ಚಿಕೊಡು!” ಹೊಸಬರು ಕೇಳಿದರೆ ಹೌಹಾರಬೇಕು, ಏಕೆಂದರೆ ಮಾವ ದುರ್ಗಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಲಗಮವ್ವ ಹೇಳುತ್ತಿದ್ದುದು ಟಿವಿಯೊಳಗಿನ ದುರ್ಗಪ್ಪನ ವಿಷಯ. ಆತ ಏಕತಾರಿ ಹಿಡಿದು ಭಜನೆಯ ಪದ ಹಾಡುತ್ತಿದ್ದ. ನಡುವಿನ ಮಗ ಯುವರಾಜನದು ಫೋಟೊ ಸ್ಟುಡಿಯೋ. ಅಪ್ಪ ಹಾಡಿದ್ದನ್ನೆಲ್ಲ ವಿಡಿಯೋ ಮಾಡಿಟ್ಟಿದ್ದ. ಅದನ್ನು ನೋಡದ ಹೊರತು ಲಗಮವ್ವನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ.

ದುರ್ಗಪ್ಪ ಹೋದ ಮೇಲೆ ಮೂವರು ಮಕ್ಕಳು ಒಂದೇ ಸೂರಿನಡಿ ಮೂರು ಒಲೆ ಹೂಡಿದರು. ಕೋಣೆಗಳು ಪಾಲಾದವು, ಹಂಡೆ ಕೊಡಗಳು ಪಾಲಾದವು. ತಾಯಿಯನ್ನು ಪಾಲು ಮಾಡಲು ಬರುವುದಿಲ್ಲವಲ್ಲ, ಪಾಳಿ ಹಚ್ಚಿದರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಒಬ್ಬ ಮಗನಲ್ಲಿ ಊಟ, ಅಲ್ಲೇ ಹಾಸಿಗೆ. ಅಮಾವಾಸ್ಯೆಯ ಹೋಳಿಗೆ ಉಂಡು ಲಗಮವ್ವ ತಾನು ಹೊದೆಯುವ ಕೌದಿ ಬಗಲಲ್ಲಿಟ್ಟುಕೊಂಡು ಪಕ್ಕದ ಪಡಸಾಲೆಗೆ ನಡೆಯುತ್ತಿದ್ದಳು. ಆ ಭಾಗದ ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿಯೇ ಇದು. ಯಾರೂ ಇದನ್ನು ತಪ್ಪೆನ್ನುವುದಿಲ್ಲ.

ಆದರೆ ತಾಯಿಯ ಜೊತೆ ದುರ್ಗಪ್ಪನೂ ಮನೆ ಬದಲಿಸಬೇಕಾಯಿತಲ್ಲ, ಅಲ್ಲಿಂದ ಶುರುವಾಯಿತು ಕಿರಿಯ ಸೊಸೆಯ ಪೀಕಲಾಟ. “ನನ್ನ ಪಾಳ್ಯಾಗ ಅವ್ವ ಮತ್ತೊಬ್ಬರ ಮನ್ಯಾಗ ಕುಂತು ಟಿವಿ ನೋಡೂದಂದ್ರ ನನ್ನ ಮರ್ಯಾದಿ ಏನಾತು?” ಎಂದ ಹಿರಿಯ ಮಗ ಮಹಾಂತೇಶ. ಅವನಿಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಿತ್ತು. ಅಲ್ಲಿಂದ ತಂದ ಹಳೆಯ ವಿಂಡೋಸ್ ಕಂಪ್ಯೂಟರನ್ನು ಅವನು ಟಿವಿಗೆ ಜೋಡಿಸಿ ದೇವರ ಪಕ್ಕದಲ್ಲೇ ಇಟ್ಟಿದ್ದ. ಯುವರಾಜನದು ಸ್ಟುಡಿಯೋದ ಆ್ಯಪಲ್ ಕಂಪ್ಯೂಟರು. ಕಿರಿಯ ಚೇತನಕುಮಾರನಿಗೆ ಔಷಧಿ ಅಂಗಡಿ. ಅವನ ಮುದಿ ಕಂಪ್ಯೂಟರ್ ವಿಂಡೋಸ್ ಭಾರ ತಾಳದೆ ಏದುಸಿರು ಬಿಡುತ್ತಿತ್ತೆಂದು ಹೆಂಡತಿ ಭಾಗ್ಯಜ್ಯೋತಿಯೇ ಅದಕ್ಕೆ ಲಿನಕ್ಸ್ ಹಾಕಿದ್ದಳು. ಅವಳು ಕಂಪ್ಯೂಟರ್ ಓದಿದ ಹುನಗುಂದದ ಹುಡುಗಿ. ಈ ಮನೆಗೆ ಬಂದ ಹೊಸತು. ಯಾರೂ ಅವಳನ್ನು ಏನೂ ಕೇಳದ ಮನೆಯಲ್ಲಿ ಮೊದಲ ಸಲ ಮೂವರು ಗಂಡಸರು ಅವಳ ಮುಖ ನೋಡಿ, “ಅಪ್ಪನ ವಿಡಿಯೋ ಮೂರೂ ಮನ್ಯಾಗ ಬರಬೇಕಂದ್ರ ಏನ್ ಮಾಡೂಣ?” ಎಂದು ಕೇಳಿದ್ದರು.

ಆ ಖುಷಿಯಲ್ಲೇ ಅವಳು ಎಡವಿದ್ದು. ಮೂರೂ ಕಡೆ ವಿಡಿಯೋ ತೋರಿಸುವ ಒಂದೇ ತಂತ್ರಾಂಶ ಹಾಕಿದ್ದರೆ ಅಂದಿಗೇ ಮುಗಿಯುತ್ತಿತ್ತು. ಇವಳೋ ಎಲ್ಲರನ್ನೂ ಒಲಿಸಲು ಹೊರಟಳು. ಮಹಾಂತೇಶನಿಗೆ ಅವನ ವಿಂಡೋಸ್ ಜೊತೆಗೇ ಬಂದಿದ್ದ ಮೀಡಿಯಾ ಸೆಂಟರನ್ನೇ ಹೊಂದಿಸಿದಳು. ಯುವರಾಜನಿಗೆ ಚಿತ್ರಗಳು ಅಂದವಾಗಿ ಕಾಣಬೇಕು, ಅವನಿಗೆ ಪ್ಲೆಕ್ಸ್. ತನ್ನ ಮನೆಯ ಲಿನಕ್ಸಿಗೆ ಕೋಡಿ. “ಕೋಡಿ ಅಂದ್ರ ಕೆರಿ ಕೋಡಿ ಏನ?” ಎಂದು ಅತ್ತೆ ನಕ್ಕಿದ್ದಳು. ಒಬ್ಬೊಬ್ಬರಿಗೂ ತಮ್ಮದೇ ಹೆಚ್ಚೆನಿಸಿತು. ಲಗಮವ್ವನಿಗೆ ಮಾತ್ರ ತಿಂಗಳಿಗೊಂದು ಪರದೆ, ಪರದೆಗೊಂದು ನಮೂನೆ. ಒಂದರಲ್ಲಿ ಗಂಡ ಎಡಕ್ಕೆ ಸಿಕ್ಕರೆ ಇನ್ನೊಂದರಲ್ಲಿ ಯಾವುದೋ ಮೂಲೆಯಲ್ಲಿ ಅಡಗಿರುತ್ತಿದ್ದ. ಅವನನ್ನು ಹುಡುಕಿ ಕೊಡಲು ಭಾಗ್ಯಳೇ ಬರಬೇಕು.

ಅತ್ತೆಗೆ ಪಾಳಿಯಿತ್ತು, ಭಾಗ್ಯಳಿಗೆ ಪಾಳಿಯಿರಲಿಲ್ಲ. ಹಿರಿಯರ ಪಾಳಿಯಾದರೂ ಇವಳೇ, ನಡುವಿನವರದಾದರೂ ಇವಳೇ. ತಂಗಿಯ ಮದುವೆಗೆಂದು ಹುನಗುಂದಕ್ಕೆ ಹೋದವಳು ಕೈಯ ಅರಿಷಿಣ ಮಾಸುವ ಮೊದಲೇ ಬಸ್ಸು ಹತ್ತಿದಳು, ಮಾವ ಪರದೆಯ ಮೇಲೆ ಬರುತ್ತಿಲ್ಲವೆಂದು. ಯಾರೂ ಬೈಯುತ್ತಿರಲಿಲ್ಲ. ಎಲ್ಲರೂ ಹೊಗಳುವವರೇ, ಅದೇ ಕೆಟ್ಟದ್ದು. ಬೈದವರನ್ನು ತಿರುಗಿ ಬೈಯಬಹುದು, “ನೀ ಇಲ್ಲಂದ್ರ ನಮ್ಮ ಕೈಕಾಲ ಆಡಂಗಿಲ್ಲವಾ” ಎನ್ನುವವರನ್ನು ಏನು ಮಾಡುವುದು?

ಹೀಗಿರುವಾಗ ಬಾದಾಮಿಯ ಒಂದು ವಸತಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನೌಕರಿ ಸಿಕ್ಕಿತು. ಅಲ್ಲೇ ಇರಬೇಕು, ಬರುವ ಸೋಮವಾರ ಹಾಜರಾಗಬೇಕು, ತಪ್ಪಿದರೆ ಮುಂದಿನವರಿಗೆ. ಮದುವೆಗೆ ಮೊದಲಿನಿಂದ ಅವಳು ಕಾಯ್ದ ನೌಕರಿ ಅದು. ಚೇತನಕುಮಾರ ಒಳ್ಳೆಯವನು, ಆದರೆ ಮನೆಮಂದಿಯ ಮುಂದೆ ಮೆತ್ತಗಾಗುವ ಪೈಕಿ.

“ಹೋಗು, ನಾ ಬ್ಯಾಡ ಅನ್ನಂಗಿಲ್ಲ,” ಎಂದ. “ಆದ್ರ ಅವ್ವನ ಟಿವಿದೊಂದು ವ್ಯವಸ್ಥಾ ಮಾಡಿ ಹೋಗು. ಇಲ್ಲಂದ್ರ ನನಗ ಇಲ್ಲಿ ನಿಂದ್ರಾಕ ಕೊಡಂಗಿಲ್ಲ ಇವರು.”

ಭಾಗ್ಯಜ್ಯೋತಿ ಆ ವಾರವೆಲ್ಲ ತನ್ನ ಹಳೆಯ ಜಾಣತನವನ್ನು ಬಿಚ್ಚುತ್ತ ಕುಳಿತಳು. ಮೂರು ನಮೂನೆಯ ಕಂಪ್ಯೂಟರಿಗೂ ಒಗ್ಗುವುದು, ಹೊರಗಿನ ಖಾತೆ ಕೇಳದ್ದು, ಇಂಟರ್‌ನೆಟ್ ಹೋದರೂ ನಡೆಯುವುದು, ಯುವರಾಜನ ಹಳೆಯ ಕ್ಯಾಮೆರಾದ ವಿಡಿಯೋಗಳನ್ನೂ ತೋರಿಸುವುದು ಬೇಕಿತ್ತು. ಲೆಕ್ಕ ಹಾಕಿ ಕೋಡಿಯನ್ನೇ ಆರಿಸಿದಳು. ಮಹಾಂತೇಶನ ಹಳೆಯ ವಿಂಡೋಸಿಗೆ ಹೊಸತು ಹೊಂದದು, ಅದಕ್ಕೊಂದು ಹಳೆಯ ಆವೃತ್ತಿ ಹುಡುಕಿ ಹಾಕಿದಳು. ಮೂರೂ ಕಡೆ ಒಂದೇ ಮುಖಪುಟ, ನಡುವೆ ರುಮಾಲು ಸುತ್ತಿದ ದುರ್ಗಪ್ಪನ ಫೋಟೊ. ಅದರ ಮೇಲೆ ಒತ್ತಿದರೆ ಹಾಡು ಶುರು. ರಿಮೋಟಿನ ಬೇಕಾದ ಗುಂಡಿಗಳಿಗೆ ಕುಂಕುಮದ ಬಣ್ಣ ಹಚ್ಚಿ, ಅತ್ತೆಯ ಬೆರಳು ಹಿಡಿದು ಕಲಿಸಿದಳು. ಲಗಮವ್ವ ಹೂಂಗುಟ್ಟುತ್ತ ಎಲ್ಲ ಒತ್ತಿ ತೋರಿಸಿದಳು. ಭಾಗ್ಯ ಆ ರಾತ್ರಿಯೇ ತನ್ನ ಚೀಲ ಕಟ್ಟಿಟ್ಟಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಮಹಾಂತೇಶನ ಪಡಸಾಲೆಯಲ್ಲಿ ಸೇರಿದರು. ಆ ತಿಂಗಳು ಅವನದೇ ಪಾಳಿ. ಲಗಮವ್ವನ ಕೈಗೆ ರಿಮೋಟು ಕೊಟ್ಟರು. ಆಕೆ ಬಣ್ಣದ ಗುಂಡಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಒತ್ತಿದಳು. ಪರದೆಯ ಮೇಲೆ ಏನೇನೋ ಬಂದು ಹೋಯಿತು, ಗಂಡನೊಬ್ಬ ಬರಲಿಲ್ಲ.

“ನನಗ ತಿಳಿಯಂಗಿಲ್ಲಪಾ,” ಎಂದು ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು.

“ನೋಡಿದಿಲ್ಲವಾ?” ಎಂದ ಮಹಾಂತೇಶ. “ಮುದುಕಿನ್ನ ಹಿಂಗ ಬಿಟ್ಟು ಹೆಂಗ ಹೋಗ್ತಿ? ನೌಕರಿ ಇನ್ನೊಂದು ಸಿಕ್ಕೀತು.”

ಹಿರಿಯ ಸೊಸೆ ರಮಾಬಾಯಿ ತಲೆಯಾಡಿಸಿದಳು. ಯುವರಾಜ ಮೊಬೈಲು ನೋಡುತ್ತಿದ್ದ. ಚೇತನಕುಮಾರ ಹೆಂಡತಿಯ ಮುಖ ತಪ್ಪಿಸಿ ಕಿಟಕಿ ನೋಡಿದ. ಕಟ್ಟಿಟ್ಟ ಚೀಲ ಬಿಚ್ಚುವುದೊಂದೇ ಬಾಕಿ ಎಂಬಂತೆ ಎಲ್ಲರೂ ಎದ್ದು ಹೋದರು.

ಭಾಗ್ಯಜ್ಯೋತಿ ಹಿತ್ತಲಲ್ಲಿ ಕುಳಿತು ಅತ್ತಳು. ಹೊತ್ತು ಇಳಿಯುತ್ತಿದ್ದಂತೆ ಮುಖ ತೊಳೆದು, ಕೂಗು ಬರುವ ಮೊದಲೇ ಹೋಗಿ ಹಚ್ಚಿಕೊಟ್ಟರಾಯಿತೆಂದು ಮಹಾಂತೇಶನ ಪಡಸಾಲೆಯ ಕಡೆ ನಡೆದಳು. ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಲಗಮವ್ವ ಒಬ್ಬಳೇ. ಪರದೆಯ ಮೇಲೆ ದುರ್ಗಪ್ಪ ಹಾಡುತ್ತಿದ್ದ. ಒಂದು ನುಡಿ ಮುಗಿಯಿತು. ಮುದುಕಿ ಸಲೀಸಾಗಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿ ಅದೇ ನುಡಿಯನ್ನು ಮತ್ತೆ ಹಾಡಿಸಿದಳು.

“ಬರತೈತಲ್ರಿ ನಿಮಗ!” ಭಾಗ್ಯಳ ದನಿ ಏರಿತು. “ಬೇಕಂತ ನನ್ನ ಕಟ್ಟಿಹಾಕಿದಿರಿ ಹೌದಲ್ಲ?”

ಲಗಮವ್ವ ಬೆಚ್ಚಿದಳು, ಆದರೆ ಸುಳ್ಳು ಹೇಳಲಿಲ್ಲ. “ಬಾಗಿಲಾ ಮುಂದ ಮಾಡು,” ಎಂದಳು. “ಈ ಪದಾ ನನಗ ಬಾಯಿಪಾಠ ಅದಾವು. ಕಣ್ಣು ಮುಚ್ಚಿದ್ರ ಅಂವ ಕಾಣತಾನ, ಅದಕ್ಕ ಟಿವಿ ಯಾಕ ಬೇಕ? ನೀ ಬಂದು ಹಚ್ಚಿ, ಮುಗಿಯೂತನಕ ಬಾಜೂಕ ಕುಂದರತಿದ್ದಿ. ಉಳದವರು ತಾಟ ಇಟ್ಟು ಹೋಗ್ತಾರ. ನನಗ ಬರತೈತಿ ಅಂತ ಗೊತ್ತಾದ್ರ ಅವರು ರಿಮೋಟ ಕೈಯಾಗ ಕೊಟ್ಟು ಬಾಗಿಲಾ ಮುಚ್ಚತಾರವಾ.”

ಭಾಗ್ಯಳ ಸಿಟ್ಟು ಅಲ್ಲೇ ಇಂಗಿತು. ಸಿಟ್ಟು ಇದ್ದರೆ ಹೊರಬೀಳುವುದು ಸುಲಭವಿತ್ತು. ಈಗ ಅತ್ತೆಯ ಗುಟ್ಟು ಹೇಳಿದರೆ ತಾನು ಪಾರು, ಆದರೆ ಮುದುಕಿ ಒಂಟಿ. ಹೇಳದಿದ್ದರೆ ತಾನು ಇಲ್ಲೇ. ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಒಂದು ಹಾಡು ಮುಗಿದರೆ ಮುಂದಿನದು ತಾನಾಗಿಯೇ ಬರುವ ವ್ಯವಸ್ಥೆಯನ್ನು ತೆಗೆದುಹಾಕಿದಳು. ಆಮೇಲೆ ಉಳಿದ ಎರಡು ಮನೆಗೂ ಹೋಗಿ ಅದನ್ನೇ ಮಾಡಿ ಬಂದಳು.

ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಎಲ್ಲರ ಮುಂದೆ ನಿಂತಳು. “ಅತ್ತಿಯವರಿಗೆ ಇದು ಬರಂಗಿಲ್ಲ, ಖರೆ ಐತಿ,” ಎಂದಳು. ಲಗಮವ್ವ ತಟ್ಟನೆ ಮುಖ ಎತ್ತಿದಳು. “ಅದಕ್ಕ ಇನ್ನ ಊಟದ ಪಾಳಿ ಯಾರದೋ ಟಿವಿ ಪಾಳಿನೂ ಅವರದ. ಪ್ರತಿ ಪದಾ ಮುಗಿದ ಕೂಡ್ಲೇ ನಿಲ್ಲತೈತಿ, ಒಬ್ಬರು ಒತ್ತಬೇಕು. ಮುಗಿಯೂತನಕ ಬಾಜೂಕ ಕುಂದರಬೇಕು. ಮೂರೂ ಕಡೆ ಈಗ ಒಂದ ನಮೂನಿ. ಈ ತಿಂಗಳ ನಿಮ್ಮದ್ರಿ ಭಾವಾರ, ಬರ್ರಿ, ಕಲಿಸ್ತೇನಿ.”

ಮಹಾಂತೇಶ ಗೊಣಗಿದ. ಆದರೆ ತಾಯಿಯ ಪಾಳಿ ಒಲ್ಲೆನೆಂದು ತಮ್ಮಂದಿರ ಎದುರು ಹೇಳುವುದಾದರೂ ಹೇಗೆ? ರಿಮೋಟು ಇಸಿದುಕೊಂಡು ಕಲಿತ. ಎರಡು ಗುಂಡಿ ಕಲಿಯಲು ಅವನಿಗೆ ಏನೂ ಹೊತ್ತು ಹಿಡಿಯಲಿಲ್ಲ, ಅದನ್ನು ನೋಡಿ ಭಾಗ್ಯಳಿಗೆ ಮೈ ಉರಿಯಿತು.

ಹೊರಡುವಾಗ ಅತ್ತೆಯ ಕಾಲಿಗೆ ಬಿದ್ದಳು. ಲಗಮವ್ವ ಅವಳ ತಲೆಯ ಮೇಲೆ ಕೈಯಿಟ್ಟು, ಬೇರೆ ಯಾರಿಗೂ ಕೇಳದ ಹಾಗೆ ಅಂದಳು: “ಶ್ಯಾಣ್ಯಾಕಿ ಅದಿ. ಮೂರೂ ಮಂದಿನ್ನ ತಂದು ನನ್ನ ಬಾಜೂಕ ಕುಂದರಿಸಿದಿ. ಆದ್ರ ನಾ ಬೇಡಿದ್ದು ಅವರನ್ನಲ್ಲ ಭಾಗ್ಯಾ.”

ಬಾದಾಮಿಯ ದಾರಿಯುದ್ದಕ್ಕೂ ಭಾಗ್ಯಜ್ಯೋತಿ ಆ ಮಾತಿಗೊಂದು ಉತ್ತರ ಹುಡುಕಿದಳು. ಅಮೀನಗಡ ದಾಟಿತು, ಗುಳೇದಗುಡ್ಡ ದಾಟಿತು. ಉತ್ತರ ಸಿಗಲಿಲ್ಲ. ಬಸ್ಸಿನಿಂದ ಇಳಿದು ಹಿಂತಿರುಗಲೂ ಇಲ್ಲ.