ಬೋಳು ಹೊಲದಲ್ಲಿ ಹಸಿರು ಅಂಗಿ

ಕಳೆದ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕಮಲಾಪುರದ ಒಂದು ಬೋಳು ಹೊಲದಲ್ಲಿ ನಾವು ಆರು ಜನ ಅಡಗಿಕೊಳ್ಳಲು ಜಾಗ ಹುಡುಕುತ್ತಿದ್ದೆವು. ಕೆಳಗೆ ಕೆಂಪು ಮಣ್ಣು, ಅಲ್ಲಲ್ಲಿ ಒಣಗಿದ ಕೂಳೆ. ನಾವು ತೊಟ್ಟಿದ್ದು ಹಸಿರು ಅಂಗಿ, ಹಸಿರು ಪ್ಯಾಂಟು, ಅದರ ತುಂಬ ಹಳದಿ ಚುಕ್ಕೆ.

ರಸ್ತೆಯಲ್ಲಿ ಹೋಗುತ್ತಿದ್ದ ಟಂಟಂ ಆಟೋ ನಿಂತಿತು. ಒಳಗಿದ್ದವರೆಲ್ಲ ಇಳಿದು ನಮ್ಮನ್ನು ನೋಡಿದರು. ಕಣ್ಣಿಗೆ ಬೀಳಬಾರದೆಂದು ಎರಡು ತಿಂಗಳು ಯೋಚಿಸಿ ಹೊಲಿಸಿದ ಬಟ್ಟೆ ಅದು!

ಆಟದ ಹೆಸರು ಏರ್‌ಸಾಫ್ಟ್. ಎರಡು ತಂಡ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು, ಕಣ್ಣಿಗೆ ದಪ್ಪನೆಯ ಗಾಗಲ್. ಅಡಗಬೇಕು, ಹುಡುಕಬೇಕು, ಹೊಡೆಯಬೇಕು. ಅಂಪೈರ್ ಇರುವುದಿಲ್ಲ. ಗುಂಡು ತಾಗಿದವರು ತಾವೇ ಕೈ ಎತ್ತಿ ಹೊರಗೆ ಬರಬೇಕು. ಯಾಕೆಂದರೆ ತಾಗಿದ್ದು ತಾಗಿದವರಿಗೆ ಮಾತ್ರ ಗೊತ್ತು.

ಈ ಒಂದು ನಿಯಮಕ್ಕೆ ಮರುಳಾಗಿ ನಲವತ್ತೇಳನೇ ವಯಸ್ಸಿನಲ್ಲಿ ನಾನು ಆಟಕ್ಕೆ ಸೇರಿದೆ. (ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಕ್ಲಿನಿಕ್ಕಿನಲ್ಲಿ ದಿನವಿಡೀ 'ಸಿಹಿ ಮುಟ್ಟೋದೇ ಇಲ್ರೀ' ಎನ್ನುವವರ ಹುಳುಕು ಹಲ್ಲು ನೋಡುವವಳು ನಾನು. ತಾವಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ಗೌರವ ಹುಟ್ಟುತ್ತದೆ.)

ಇಷ್ಟು ದಿನ ಕುಸನೂರ ಆಚೆಯ ಖಾಲಿ ಪ್ಲಾಟುಗಳಲ್ಲಿ ನಮ್ಮ ನಮ್ಮಲ್ಲೇ ಆಡಿಕೊಂಡಿದ್ದೆವು. ದೀಪಾವಳಿ ಹೊತ್ತಿಗೆ ಹುಮನಾಬಾದಿನ ತಂಡವೊಂದು ಪಂದ್ಯಕ್ಕೆ ಕರೆಯಿತು. ಗೆದ್ದವರಿಗೆ ಒಂದು ಗೊನೆ ಕೆಂಪು ಬಾಳೆಹಣ್ಣು. ಮೈದಾನ ಮಾತ್ರ ನಾವು ಹುಡುಕಬೇಕು.

ಅದು ಕ್ಲಿನಿಕ್ಕಿನ ಕುರ್ಚಿಯಲ್ಲೇ ಸಿಕ್ಕಿತು. ದವಡೆ ಹಲ್ಲು ತೋರಿಸಲು ಬಂದ ಕಮಲಾಪುರದ ಕಾಶೀಬಾಯಿ, ಅರವತ್ತು ದಾಟಿದವರು, ಇನ್ನೂ ಸ್ವತಃ ತೊಗರಿ ಹೊಲ ನೋಡಿಕೊಳ್ಳುವವರು, ನನ್ನ ಕಥೆ ಕೇಳಿ ನಕ್ಕರು. "ನಮ್ಮ ಹೊಲದಾಗ ಬಂದು ಆಡ್ರಿ ಬಾಯಾರ. ಸಂಕ್ರಮಣ ಆದ ಮ್ಯಾಲ ಬರ್ರಿ, ಅಷ್ಟ."

ಸಂಕ್ರಮಣ ಆದ ಮೇಲೆಯೇ ಯಾಕೆ ಎಂದು ನಾನು ಕೇಳಲಿಲ್ಲ. ಹಬ್ಬದ ಗಡಿಬಿಡಿ ಇರಬಹುದು ಅಂದುಕೊಂಡೆ. ಅದರ ಬದಲು ನಮ್ಮಪ್ಪನೂ ತೊಗರಿ ಬೆಳೆಯುತ್ತಿದ್ದರು ಎಂಬುದನ್ನು ಅವರಿಗೆ ವಿವರವಾಗಿ ಹೇಳಿದೆ. ಅಷ್ಟರಲ್ಲಿ ಬಾಯಲ್ಲಿ ಹತ್ತಿ ಇಟ್ಟಿದ್ದರಿಂದ ಅವರು ತಡೆಯುವಂತಿರಲಿಲ್ಲ.

ಇನ್ನು ಬಟ್ಟೆಯ ವಿಚಾರ. ನಮ್ಮ ಕ್ಯಾಪ್ಟನ್ ಇರ್ಫಾನ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಮೇಷ್ಟ್ರು. ಅವನು ಆನ್‌ಲೈನ್‌ನಲ್ಲಿ 'ಡೆಸರ್ಟ್' ಎಂಬ ಕ್ಯಾಮೊಫ್ಲಾಜ್ ಪ್ಯಾಟರ್ನ್ ಆರಿಸಿದ್ದ. ಮಣ್ಣಿನ ಬಣ್ಣ, ಮೇಲೆ ಕಂದು ಮಚ್ಚೆ. "ಇದು ನಡೀತದ ಮೇಡಂ, ರೆಡಿಮೇಡ್ ಸಿಗ್ತದ" ಎಂದ.

ನನಗೆ ರೇಗಿತು. ಡೆಸರ್ಟ್? ನಮ್ಮ ಜಿಲ್ಲೆ ಮರುಭೂಮಿಯೇ? ಹೊರಗಿನವರು ಕಲಬುರಗಿ ಎಂದರೆ ಸಾಕು, ಬಿಸಿಲು, ಬರ, ಧೂಳು ಎನ್ನುತ್ತಾರೆ. ಈಗ ನಾವೇ ದುಡ್ಡು ಕೊಟ್ಟು ಅದನ್ನು ಮೈಮೇಲೆ ಹಾಕಿಕೊಳ್ಳಬೇಕೆ? "ಆ ಹೊಲ ನಾ ನೋಡ್ತೀನಿ, ಬಣ್ಣ ನಾ ಆರಿಸ್ತೀನಿ. ನಾ ರೈತನ ಮಗಳಪ್ಪ" ಎಂದೆ.

ಮುಂದಿನ ಭಾನುವಾರವೇ ಕಾರು ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ತೊಗರಿ ಎದೆಯೆತ್ತರ ನಿಂತಿತ್ತು. ಹಸಿರು, ಅದರ ಮೇಲೆಲ್ಲ ಹಳದಿ ಹೂವು. ಬಾಲ್ಯದಲ್ಲಿ ಕಂಡದ್ದು ಕಂಡ ಹಾಗೇ ಇತ್ತು. ಹದಿನಾಲ್ಕು ಫೋಟೋ ತೆಗೆದೆ. ಕಣ್ಣು ತುಂಬಿ ಬಂದದ್ದೂ ನಿಜ.

ಮೋಮಿನಪುರದ ಟೇಲರ್ ರಶೀದ್ ಭಾಯಿ ಮೊದಲೇ ಷರತ್ತು ಹಾಕಿದರು. "ಮಿಲಿಟರಿ ಡಿಜೈನ್ ಇದ್ರ ನಾ ಹೊಲ್ಯಾಂಗಿಲ್ರೀ ಮೇಡಂ. ನಾಳೆ ಯಾರರ ಬಂದು ಕೇಳಿದ್ರ ನನಗ ಪರೇಶಾನಿ." ಮಿಲಿಟರಿ ಅಲ್ಲ, ತೊಗರಿ ಎಂದು ಫೋಟೋ ತೋರಿಸಿದೆ. ಸಾದಾ ಹಸಿರು ಬಟ್ಟೆ ತೆಗೆದು ಅಳತೆ ಹಿಡಿಯುತ್ತಾ ಅವರು ಕೇಳಿದರು: "ಯಾವ ತಿಂಗಳಾಗ ಹಾಕೋತೀರಿ?"

ಜನವರಿ ಎಂದೆ. ಬೆಳಗಿನ ಥಂಡಿಗೆ ಒಳಗೆ ಒಂದು ಅಸ್ತರ್ ಕೊಡಿ ಎಂದೂ ಸೇರಿಸಿದೆ. ಪ್ರಶ್ನೆ ಸರಿಯಾಗಿತ್ತು. ಅದನ್ನು ಫೋಟೋ ಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ.

ಹೊಲಿದು ಬಂದ ಮೇಲೆ ಕ್ಲಿನಿಕ್ಕಿನ ಮಾಳಿಗೆಯ ಮೇಲೆ ಆರೂ ಜನ ಕೂತು, ಹಲ್ಲಿಗೆ ಇಡುವ ಹತ್ತಿಯ ಉಂಡೆಗಳನ್ನು ಹಳದಿ ಬಣ್ಣದಲ್ಲಿ ಅದ್ದಿ, ಒಂದೊಂದೇ ಹೂವು ಒತ್ತಿದೆವು. ಎರಡು ಭಾನುವಾರ ಹಿಡಿಯಿತು. ಎಲೆಯ ನೆರಳಿಗೆ ಕಡುಹಸಿರು ಬೇರೆ. ಅಷ್ಟು ಚಂದದ ಬಟ್ಟೆ ನಾನು ಮದುವೆಯಲ್ಲೂ ಉಟ್ಟಿರಲಿಲ್ಲ.

ಆಮೇಲೆ ಆ ಬೆಳಗು. ಕಾರಿನಿಂದ ಇಳಿದರೆ ತೊಗರಿಯೇ ಇಲ್ಲ!

ಐವರೂ ಹೊಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇರ್ಫಾನ್ ಮಾತ್ರ ಮೆಲ್ಲಗೆ ಹೇಳಿದ: "ನೀವು ಪೇಪರಿನಾಗ ಯಾವಾಗ್ಲೂ ರೈತನ ಮಗಳು ಅಂತ ಬರೀತೀರಲ್ರೀ ಮೇಡಂ. ನಿಮಗ ಗೊತ್ತಿರ್ತದ ಅಂತ ನಾವ್ಯಾರೂ ಕೇಳ್ಲಿಲ್ಲ."

ಹುಮನಾಬಾದಿನವರು ಬಂದರು. ಅವರಲ್ಲಿ ಪ್ಯಾಟರ್ನೂ ಇಲ್ಲ, ಏನೂ ಇಲ್ಲ. ಮಾಸಿದ ಖಾಕಿ ಪ್ಯಾಂಟು, ಹಳೆಯ ಕಂದು ಅಂಗಿ. ಬದುವಿನ ಮಗ್ಗುಲಲ್ಲಿ ಮಲಗಿದರೆ ಮುಗಿಯಿತು, ಮಣ್ಣು ಯಾವುದು ಮನುಷ್ಯ ಯಾರು ಗೊತ್ತಾಗದು. ನಾವೋ, ಕೊಯ್ಯುವುದು ಮರೆತು ಬಿಟ್ಟುಹೋದ ಆರು ತೊಗರಿ ಗಿಡಗಳ ಹಾಗೆ ನಿಂತಿದ್ದೆವು. ಹತ್ತು ನಿಮಿಷದಲ್ಲಿ ಐವರು ಔಟ್.

ಆರನೆಯವಳು ನಾನು. ಹೊಲದ ಮೂಲೆಯಲ್ಲಿ ಒಟ್ಟಿದ್ದ ತೊಗರಿ ಕಟ್ಟಿಗೆಯ ಬಣವೆ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಜಂಬ ಇನ್ನೂ ಇಳಿದಿರಲಿಲ್ಲ. ಒಬ್ಬಳೇ ಉಳಿದು ಗೆದ್ದುಬಿಟ್ಟರೆ? ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಮೀಸೆಯೇ ಬೇಕೆಂದೇನೂ ಇಲ್ಲವಲ್ಲ?

ಹಿಂದೆ ಬಳೆ ಸದ್ದಾಯಿತು. ಕಾಶೀಬಾಯಿ. ಕೈಯಲ್ಲಿ ಚಹಾದ ಕಿಟ್ಲಿ. ನನ್ನ ಅಂಗಿಯ ಹಳದಿ ಹೂವು ಮುಟ್ಟಿ ನೋಡಿದರು. "ಇದೇನ್ರೀ ಬಾಯಾರ, ತೊಗರಿ ಹೂ ಮಾಡೀರಿ?"

"ಹೌದ್ರೀ. ಹೊಲದಾಗ ತೊಗರಿ ಇರ್ತದ ಅನ್ಕೊಂಡಿದ್ದೆ."

ಅವರು ಕಿಟ್ಲಿ ಕೆಳಗಿಟ್ಟರು. ನಗಲಿಲ್ಲ. "ಅಲ್ರೀ, ರಾಶಿ ಮುಗಿದು ಎಂಟ್ ದಿನ ಆತು. ಬೆಳಿ ನಿಂತಾಗ ಹೊಲದಾಗ ಯಾರಿಗರ ಆಡ್ಲಾಕ ಬಿಡ್ತಾರೇನು? ಅದಕ್ಕಂತನೇ ಸಂಕ್ರಮಣ ಆಗ್ಲಿ ಅಂದಿದ್ದೆ." ಆಮೇಲೆ, ನಿಜವಾಗಿಯೂ ತಿಳಿಯದೆ ಕೇಳಿದರು: "ನಿಮ್ಮಪ್ಪಾರು ತೊಗರಿ ಬೆಳೀತಿದ್ರು ಅಂದಿದ್ರಲ್ಲ?"

ಬೆಳೆಯುತ್ತಿದ್ದರು. ಅದು ಸುಳ್ಳಲ್ಲ. ಆದರೆ ನಾನು ಒಂಬತ್ತನೇ ವಯಸ್ಸಿಗೆ ಹಾಸ್ಟೆಲ್ ಸೇರಿದವಳು. ಊರಿಗೆ ಹೋಗುತ್ತಿದ್ದದ್ದು ದೀಪಾವಳಿ ರಜೆಗೆ, ಆಗ ತೊಗರಿ ಹೂವಲ್ಲಿರುತ್ತಿತ್ತು. ಮತ್ತೆ ಬೇಸಿಗೆ ರಜೆಗೆ, ಆಗ ಹೊಲ ಖಾಲಿ. ನಡುವೆ ಕೊಯ್ದವರು ಯಾರು? ಕಟ್ಟಿದವರು, ಬಡಿದವರು, ಚೀಲ ತುಂಬಿದವರು ಯಾರು? ಅಪ್ಪ, ಅವ್ವ, ಕೂಲಿಗೆ ಬಂದವರು. ನಾನಂತೂ ಅಲ್ಲ. ಹಾಸ್ಟೆಲ್ಲಿಗೆ ಮುಂಚೆ ಕಂಡಿದ್ದರೂ ನೆನಪಿಲ್ಲ. ನನ್ನ ನೆನಪಿನಲ್ಲಿ ತೊಗರಿಗೆ ಕೊಯ್ಲೇ ಇಲ್ಲ, ಬರೀ ಹೂವು. ಮೂವತ್ತೆಂಟು ವರ್ಷಗಳಲ್ಲಿ ಇದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಸುತ್ತಿಬಳಸಿ ಹೇಳುವುದೇಕೆ, ತುಂಬಾ ನಾಚಿಕೆಯಾಯಿತು.

ಕೈ ಎತ್ತಿದೆ. ಹಾಗೇ ಎತ್ತಿಕೊಂಡು ಬಣವೆಯ ಹಿಂದಿನಿಂದ ಬಯಲಿಗೆ ಬಂದೆ.

"ಯಾರ್ ಹೊಡದ್ರು ಮೇಡಂ? ಗುಂಡಿನ ಸಪ್ಪಳನೇ ಬರಲಿಲ್ಲ!" ಬದುವಿನ ಮೇಲಿಂದ ಇರ್ಫಾನ್ ಕೂಗಿದ.

ನಾನು ಹಿಂದಕ್ಕೆ ತೋರಿಸಿದೆ. ಕಾಶೀಬಾಯಿ ಎಲ್ಲರಿಗೂ ಚಹಾ ಹಿಡಿದು ಬರುತ್ತಿದ್ದರು.

ಬಾಳೆಗೊನೆ ಹುಮನಾಬಾದಿಗೆ ಹೋಯಿತು. ಅಂಗಿ ಮನೆಯಲ್ಲಿದೆ. ಇರ್ಫಾನ್ ದೊಡ್ಡ ಮನಸ್ಸು ಮಾಡಿ ಮುಂದಿನ ನವೆಂಬರಿನಲ್ಲಿ ಉಪಯೋಗಕ್ಕೆ ಬರುತ್ತದೆ ಎಂದಿದ್ದಾನೆ. (ನವೆಂಬರಿನಲ್ಲಿ ಹೊಲಕ್ಕೆ ಯಾರು ಬಿಡುತ್ತಾರೆ? ಇಷ್ಟಾದರೂ ಕಲಿತಿದ್ದೇನೆ.)

ಈ ಅಂಕಣದಲ್ಲಿ ನಾನು 'ರೈತನ ಮಗಳು' ಎಂದು ಬರೆದಾಗಲೆಲ್ಲ ನಿಮ್ಮಲ್ಲಿ ಹಲವರು 'ನಾನೂ ರೈತನ ಮಗ' ಎಂದು ಪತ್ರ ಹಾಕಿದ್ದೀರಿ. ಅವರಿಗೆ ಒಂದೇ ಪ್ರಶ್ನೆ. ಊರಿಗೆ ಫೋನ್ ಮಾಡದೆ ಹೇಳಿ: ನಿಮ್ಮಪ್ಪನ ಹೊಲದಲ್ಲಿ ಈ ವಾರ ಏನು ನಿಂತಿದೆ?