ಪಾರ್ಟಿಶನ್ನಿನ ಹಿಂಬದಿ

ನಮ್ಮ ಮನೆಗೆ ಬಂದವರೆಲ್ಲ ಮೊದಲು ಹೊಗಳುತ್ತಿದ್ದುದು ಹಾಲ್‌ನ ಆ ಪಾರ್ಟಿಶನ್ನನ್ನೇ. ಏಳಡಿ ಎತ್ತರ, ಸಾಗುವಾನಿಯ ಬಣ್ಣ, ಮೈತುಂಬ ದ್ರಾಕ್ಷಿ ಬಳ್ಳಿಯ ಕೊರೆತ, ನಡುವೆ ಒಂದು ಗೂಡು, ಗೂಡಿನಲ್ಲಿ ನಮ್ಮ ಆಲ್ತಾರ್. ಯೇಸುವಿನ ಪಟ, ಮಾತೆಯ ಪ್ರತಿಮೆ, ಒಂದು ಕೆಂಪು ಬಲ್ಬು. ಕುಲಶೇಖರದ ಈ ಎರಡು ಕೋಣೆಯ ಫ್ಲ್ಯಾಟಿಗೆ ಅದರಿಂದ ಒಂದು ಗತ್ತು ಬಂತು ಎಂದು ನಾನೇ ಹೇಳಿಕೊಂಡು ತಿರುಗಿದವಳು. ಅದರ ಹಿಂದೆ ಒಂದೂವರೆ ವರ್ಷ ನನ್ನ ಅಮ್ಮನನ್ನು ಮಲಗಿಸಿದ್ದೆ.

ಮಲಗಿಸಿದ್ದೆ ಎನ್ನುವುದು ಮರ್ಯಾದೆಯ ಮಾತು. ಅಡಗಿಸಿದ್ದೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಕನ್ನಡ ಪಾಠ ಮಾಡಿದ ನನಗೆ ಸರಿಯಾದ ಶಬ್ದ ಯಾವುದೆಂದು ಗೊತ್ತುಂಟು.

ಅಮ್ಮನಿಗೆ ಲಕ್ವ ಹೊಡೆದು ಬಲಬದಿ ಹೋಯಿತು, ಮಾತೂ ಹೋಯಿತು. ಬುದ್ಧಿ ಹೋಗಲಿಲ್ಲ. ಒಂದು ಕೋಣೆ ನನಗೂ ಗಂಡನಿಗೂ, ಇನ್ನೊಂದು ಮಗಳಿಗೆ. ಮಗಳು ನರ್ಸ್, ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವಳು. ಹಾಗಾಗಿ ಅಮ್ಮನ ಮಂಚ ಹಾಲ್‌ನ ಕೊನೆಯಲ್ಲಿ, ಊಟದ ಮೇಜು ಇದ್ದ ಜಾಗಕ್ಕೆ ಬಂತು. ಅಲ್ಲಿಂದ ಅವಳಿಗೆ ಎಲ್ಲ ಕಾಣುತ್ತಿತ್ತು: ಬಾಗಿಲು, ಬಂದವರು, ಹೋದವರು, ನಾನು ಯಾರಿಗೆ ಗದರಿದೆ, ಗಂಡ ಯಾವ ಸೀರಿಯಲ್ ನೋಡುತ್ತಾ ನಿದ್ದೆ ಹೋದರು. ಯಾರಾದರೂ ನಕ್ಕರೆ ಅವಳ ಎಡ ತುಟಿಯೂ ಮೇಲಕ್ಕೆ ಹೋಗುತ್ತಿತ್ತು.

ಸಂಜೆ ತೇರ್ಸ್ ಆಗುತ್ತಿತ್ತು. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳಬೇಕು, ಅಂದರೆ ಆಶೀರ್ವಾದ. ನಮ್ಮವರ ಮನೆಗಳಲ್ಲಿ ಇದು ತಪ್ಪುವುದಿಲ್ಲ. ಅರವತ್ತಾದರೂ ನಾನು ಅಮ್ಮನ ಮುಂದೆ ಕೈಮುಗಿಯುತ್ತಿದ್ದೆ. ಅವಳು ಎಡಗೈ ಎತ್ತಿ ಗಾಳಿಯಲ್ಲಿ ಸಣ್ಣ ಶಿಲುಬೆ ಗೀಚುತ್ತಿದ್ದಳು. ಅವಳಿಂದ ಆಗುತ್ತಿದ್ದ ಒಂದೇ ಕೆಲಸ ಅದು.

ಆಮೇಲೆ ಮಗಳಿಗೆ ಸಂಬಂಧ ನೋಡಲು ಶುರು ಮಾಡಿದೆವು. ಹುಡುಗನ ಕಡೆಯವರು ಬರುತ್ತಾರೆ, ಬಾಗಿಲು ತೆರೆದರೆ ಎದುರಿಗೇ ಮಂಚ, ಬೆಡ್‌ಪ್ಯಾನ್, ಡೆಟಾಲಿನ ವಾಸನೆ. ನನಗೆ ನಾಚಿಕೆಯಾಯಿತು. ಆಗ ನಾಚಿಕೆ ಎನ್ನಲಿಲ್ಲ, "ಅಮ್ಮನಿಗೂ ಸ್ವಲ್ಪ ಪ್ರೈವೆಸಿ ಬೇಕಲ್ಲ" ಎಂದೆ. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಮೊಬೈಲಿನಲ್ಲಿ ಇಪ್ಪತ್ತು ಡಿಸೈನ್ ನೋಡಿ ಒಂದನ್ನು ಆರಿಸಿ ಮಣ್ಣಗುಡ್ಡದಿಂದ ಕಾರ್ಪೆಂಟರನ್ನು ಕರೆಸಿದೆ. ಒಳ್ಳೆಯ ಕೆಲಸದವರು, ಮಾತು ಕಡಿಮೆ.

"ಟೀಚರೇ, ಹಿಂದಿನ ಬದಿಗೂ ಶೀಟ್ ಅಂಟಿಸುವನಾ? ಇಲ್ಲದಿದ್ರೆ ಬರೀ ಪ್ಲೈ ಕಾಣ್ತದೆ," ಎಂದರು.

"ಆ ಬದಿ ಯಾರು ನೋಡ್ಲಿಕ್ಕುಂಟು? ಬೇಡ."

"ಅಜ್ಜಿ ಇದ್ದಾರಲ್ಲ."

"ಅವರಿಗೆ ಎಂತ ಗೊತ್ತಾಗ್ತದೆ ಮಾರಾಯ್ರೆ, ನೀವು ಎದುರಿನದ್ದು ಚಂದ ಮಾಡಿ."

ಅಮ್ಮ ನಾಲ್ಕು ಅಡಿ ದೂರದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ನನ್ನ ಬಾಯಿ ಇದ್ದದ್ದೇ ಹಾಗೆ, ಹೇಳಿ ಆದ ಮೇಲೆ ತಲೆಗೆ ಹೋಗುವುದು.

ಪಾರ್ಟಿಶನ್ ಎದ್ದು ನಿಂತ ದಿನ ಅಮ್ಮ ಎಡಗೈಯಿಂದ ಅದನ್ನು ತಟ್ಟಿ ತಟ್ಟಿ ತೋರಿಸಿದಳು. ನಾನು ಬಲ್ಬಿನ ಸ್ವಿಚ್ ಕೇಳುತ್ತಾಳೆ ಎಂದುಕೊಂಡೆ, ಆಮೇಲೆ ಆಲ್ತಾರ್ ಕಾಣುವುದಿಲ್ಲ ಎಂದು ಬೇಸರ ಇರಬೇಕು ಎಂದುಕೊಂಡೆ. ಮಾತೆಯ ಒಂದು ಚಿತ್ರ ತಂದು ಅವಳ ಬದಿಯ ಪ್ಲೈಗೆ ಅಂಟಿಸಿದೆ. "ಇಕೋ, ನಿನಗೇ ಬೇರೆ ಆಲ್ತಾರ್," ಎಂದೆ. ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು. ಇಷ್ಟು ಮಾಡಿದರೂ ಸಮಾಧಾನ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಹುಡುಗನ ಕಡೆಯವರು ಬಂದರು, ಪಾರ್ಟಿಶನ್ನನ್ನು ಸವರಿ ನೋಡಿದರು, ಕೇಕ್ ತಿಂದರು. ಹಿಂದಿನಿಂದ ಕೆಮ್ಮು ಕೇಳಿತು. "ನನ್ನ ಅಮ್ಮ, ಮಲಗಿದ್ದಾರೆ," ಎಂದೆ. ನೋಡಿ ಬರುತ್ತೇವೆಂದು ಬಂದವರು ಏಳಲು ಹೋದಾಗ, "ಈಗಷ್ಟೇ ನಿದ್ದೆ ಬಂದದ್ದು," ಎಂದು ಸುಳ್ಳು ಹೇಳಿ ಕೂರಿಸಿದೆ. ಆ ಸಂಬಂಧ ಕೂಡಿ ಬರಲಿಲ್ಲ. ಮತ್ತೆರಡು ಕಡೆಯವರು ಬಂದು ಹೋದರು, ಅದೂ ಆಗಲಿಲ್ಲ. ಪಾರ್ಟಿಶನ್ ಮಾತ್ರ ಉಳಿಯಿತು.

ತೇರ್ಸ್ ಮುಗಿದ ಮೇಲೆ ಮೊದಲ ಕೆಲವು ದಿನ ಸುತ್ತಿಕೊಂಡು ಹೋಗಿ ಬೆಸಾಂವ್ ಕೇಳಿದೆವು. ಮಂಚದ ಪಕ್ಕ ಒಬ್ಬರೇ ನಿಲ್ಲುವಷ್ಟು ಜಾಗ. ಕ್ರಮೇಣ ಕೂತಲ್ಲಿಂದಲೇ ಪಾರ್ಟಿಶನ್ನಿಗೆ ಕೈಮುಗಿದು ಗಟ್ಟಿಯಾಗಿ ಕೇಳತೊಡಗಿದೆವು. ಆಚೆಯಿಂದ ಏನೂ ಇಲ್ಲ. ಹೀಗೆ ಎಷ್ಟೋ ತಿಂಗಳು ಕಳೆದಿರಬೇಕು, ಒಂದು ಸಂಜೆ ನಾವು ಕೈಮುಗಿದ ಕೂಡಲೇ ಪ್ಲೈಯ ಮೇಲೆ ಟಕ್ ಎಂದು ಒಂದು ಸದ್ದು ಬಂತು. ಮರುದಿನವೂ ಬಂತು. ನಾವು ಕೈ ಮುಗಿಯುವುದು ತಡವಾದರೆ ಸದ್ದೂ ತಡವಾಗಿ ಬರುತ್ತಿತ್ತು. "ಅಜ್ಜಿ ಉತ್ತರ ಕೊಡ್ತಾರೆ," ಎಂದು ಮಗಳು ನಕ್ಕಳು. ಅಮ್ಮ ಹುಷಾರಾಗುತ್ತಿದ್ದಾಳೆ ಎಂದು ನನಗೂ ಖುಷಿಯಾಯಿತು.

ಅದಕ್ಕೂ ಮೊದಲಿನಿಂದಲೇ ಅವಳ ತಲೆದಿಂಬಿನ ಮೇಲೆ ಸ್ವಲ್ಪ ಸ್ವಲ್ಪ ಹುಡಿ ಬೀಳುತ್ತಿತ್ತು, ಈಗ ಜಾಸ್ತಿಯಾಯಿತು. ಕಂದು ಬಣ್ಣದ ನುಣ್ಣನೆ ಮರದ ಹುಡಿ. ಕೊಡವಿದರೆ ಮರುದಿನ ಮತ್ತೆ. ಪಾರ್ಟಿಶನ್ನಿಗೆ ಕುಟ್ಟೆ ಹಿಡಿದಿದೆ ಎಂದುಕೊಂಡೆ. ನಮ್ಮೂರಲ್ಲಿ ಮರಕ್ಕೆ ಕುಟ್ಟೆ ಹುಳ ಹಿಡಿದರೆ ಒಳಗಿಂದಲೇ ತಿಂದು ಮುಗಿಸುತ್ತದೆ. ಫೋನಿನಲ್ಲಿ ಕಾರ್ಪೆಂಟರಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವರು ಅಂದೇ ಬಂದರು. ಮಂಚದ ಬದಿಗೆ ಬಗ್ಗಿ, ದಿಂಬಿಗಿಂತ ಒಂದು ಗೇಣು ಮೇಲೆ ಪ್ಲೈಯಲ್ಲಿದ್ದ ತೂತು ತೋರಿಸಿದರು.

"ಇದು ಅವತ್ತು ಬಲ್ಬಿನ ವಯರಿಗೆ ಅಂತ ನಾನೇ ಕೊರೆದದ್ದು, ವಯರ್ ಸಾಲ್ಲಿಲ್ಲ, ಮೇಲೆ ಇನ್ನೊಂದು ತೂತು ಹಾಕಿದೆ. ಎದುರಿಂದ ಬಳ್ಳಿಯ ಸಂದಿಯಲ್ಲಿ ಗೊತ್ತಾಗುದಿಲ್ಲ. ಆದ್ರೆ ಇಷ್ಟು ದೊಡ್ಡ ಇರ್ಲಿಲ್ಲ ಟೀಚರೇ."

"ಮತ್ತೆ? ಕುಟ್ಟೆ ತಿಂದು ದೊಡ್ಡ ಮಾಡಿದ್ದು."

"ಕುಟ್ಟೆ ಅಲ್ಲ ಇದು. ಕುಟ್ಟೆಯಾದ್ರೆ ಹತ್ತು ಕಡೆ ತೂತು ಬೀಳ್ತದೆ. ಇಲ್ಲಿ ಒಂದೇ ಉಂಟು."

"ಹಾಗಾದ್ರೆ ಹುಡಿ ಆಕಾಶದಿಂದ ಬೀಳ್ತದಾ? ಮದ್ದು ಬಿಟ್ಟು ಬಂದ್ ಮಾಡಿ."

ಅವರು ಚೀಲ ಬಿಚ್ಚಿದರು. ಸಿರಿಂಜಿನಲ್ಲಿ ಮದ್ದು ಬಿಟ್ಟರು, ಬಿಳಿ ಪುಟ್ಟಿ ಮೆತ್ತಲು ಶುರು ಮಾಡಿದರು. ಅಮ್ಮ ಎಡಗೈ ಚಾಚಿ ಅವರ ಅಂಗಿಯ ತೋಳು ಹಿಡಿದಳು. ಬಿಡಿಸಿದರೆ ಮತ್ತೆ ಹಿಡಿದಳು. ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು. ಕಾರ್ಪೆಂಟರ್ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಮಂಚದ ತುದಿಯಲ್ಲಿ ಕೂತು ಆ ಕೈಯನ್ನು ನನ್ನೆರಡೂ ಕೈಯಿಂದ ಹಾಸಿಗೆಗೆ ಒತ್ತಿ ಹಿಡಿದೆ. "ಸುಮ್ಮನಿರು ಅಮ್ಮ, ವಿಷದ ಮದ್ದು ಅದು," ಎಂದು ಗದರಿದೆ. ಎಂಬತ್ತೈದರ ಕೈಯಲ್ಲಿ ಅಷ್ಟು ಬಲ ಉಂಟೆಂದು ನನಗೆ ಗೊತ್ತಿರಲಿಲ್ಲ. ಪುಟ್ಟಿ ಒಣಗುವವರೆಗೆ ನಾನು ಅದನ್ನು ಬಿಡಲಿಲ್ಲ.

ಆ ಸಂಜೆ ಬೆಸಾಂವ್ ಕೇಳಿದಾಗ ಟಕ್ ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ. ಮದ್ದಿನ ವಾಸನೆಗೆ ಸುಸ್ತಾಗಿರಬೇಕು ಎಂದೆವು, ಆಮೇಲೆ ವಯಸ್ಸಾಯಿತಲ್ಲ ಎಂದೆವು. ಗಂಜಿ ಕುಡಿಯುವುದು ಕಡಿಮೆಯಾಯಿತು. ಮಳೆಗಾಲ ಮುಗಿಯುವ ಮೊದಲು ಅಮ್ಮ ತೀರಿಹೋದಳು. ಪೆಟ್ಟಿಗೆಯನ್ನು ಹಾಲ್‌ನ ನಡುವೆ, ಆಲ್ತಾರಿನ ಎದುರು ಇಟ್ಟಿದ್ದೆವು. ಪಾರ್ಟಿಶನ್ನಿನ ಈಚೆ ಬದಿಗೆ ಅವಳು ಬಂದದ್ದು ಹಾಗೆ.

ಚರ್ಚಿನಲ್ಲಿ ಅಮ್ಮನ ತಿಂಗಳ ಪೂಜೆ ಕಳೆದ ಮೇಲೆ, ಮರುದಿನ ಬಿಸಿಲಿಗೆ ಹಾಕೋಣವೆಂದು ಒಂದು ಸಂಜೆ ಹಾಸಿಗೆ ಎತ್ತಿದೆ. ಹಾಸಿಗೆಗೂ ಪ್ಲೈಗೂ ನಡುವಿನ ಸಂದಿಯಲ್ಲಿ ಒಂದು ಹೇರ್‌ಪಿನ್ ಸಿಕ್ಕಿತು. ಅಮ್ಮನದೇ, ದಪ್ಪ ಕಪ್ಪು ಪಿನ್. ತುದಿ ಸವೆದು ನೇರವಾಗಿತ್ತು, ಅದಕ್ಕೆ ಬಿಳಿ ಪುಟ್ಟಿ ಅಂಟಿತ್ತು. ತಲೆ ಎತ್ತಿ ನೋಡಿದೆ. ಮುಚ್ಚಿದ್ದ ತೂತಿನ ಮೇಲೆ ಸಣ್ಣ ಸಣ್ಣ ಗೀರುಗಳು. ಕೆರೆಯಲು ನೋಡಿದ್ದಾಳೆ, ಪುಟ್ಟಿ ಕಲ್ಲಾಗಿತ್ತು, ಆಗಲಿಲ್ಲ.

ಆ ಮಂಚದ ಮೇಲೆಯೇ ಕೂತೆ. ಆಲ್ತಾರ್ ನೋಡಲಿಕ್ಕೆ, ನನ್ನ ಅಮ್ಮ, ಒಂದು ಪಿನ್ ಹಿಡಿದು, ಎಡಗೈಯಲ್ಲಿ, ತಿಂಗಳುಗಟ್ಟಲೆ. ಅಡುಗೆಮನೆಯಿಂದ ಸ್ಕ್ರೂಡ್ರೈವರ್ ತಂದು ಪುಟ್ಟಿಯನ್ನು ಕುತ್ತಿ ತೆಗೆದೆ. ಹಾಸಿಗೆ ಮತ್ತೆ ಹಾಸಿ, ಅವಳ ದಿಂಬಿನ ಮೇಲೆ ತಲೆಯಿಟ್ಟು, ಸ್ವಲ್ಪ ಕುತ್ತಿಗೆ ಎತ್ತಿ, ಕಣ್ಣು ಹಚ್ಚಿದೆ.

ಆಲ್ತಾರ್ ಎಲ್ಲಿ ಕಾಣಬೇಕು? ಅದು ತೂತಿಗಿಂತ ಮೂರಡಿ ಮೇಲೆ, ಆಚೆ ಮುಖ ಮಾಡಿಕೊಂಡುಂಟು. ಕಂಡದ್ದು ಎದುರಿನ ಬೆತ್ತದ ಕುರ್ಚಿ, ಅದರ ಕೈಯ ಮೇಲೆ ಜಪಮಾಲೆ. ತೇರ್ಸ್ ಹೊತ್ತಿಗೆ ನಾನು ಕೂರುವ ಕುರ್ಚಿ. ಅದು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ.

ಮಗಳು ಅಲ್ಲಿಗೇ ಬಂದು ನಿಂತಳು. "ಮಮ್ಮಿ, ಎಂತ ಮಾಡ್ತಾ ಇದ್ದೀ ಅಲ್ಲಿ? ತೇರ್ಸ್‌ಗೆ ಹೊತ್ತಾಯ್ತು."

ಎದ್ದು ಹೋದೆ. ಆ ಕುರ್ಚಿಯಲ್ಲೇ ಕೂತು ತೇರ್ಸ್ ನಡೆಸಿದೆ. ಈಗ ಮನೆಯಲ್ಲಿ ಹಿರಿಯರು ನಾನು ಮತ್ತು ಗಂಡ. ಪ್ರಾರ್ಥನೆ ಮುಗಿದ ಮೇಲೆ ಮಗಳು ಅಪ್ಪನ ಬೆಸಾಂವ್ ಕೇಳಿ ನನ್ನ ಮುಂದೆ ಬಂದು ಕೈಮುಗಿದು ನಿಂತಳು. ನಾನು ನನ್ನ ಕೈ ನೋಡಿದೆ. ಅಮ್ಮನ ಕೈಯನ್ನು ಒತ್ತಿ ಹಿಡಿದಿದ್ದು ಇದೇ ಕೈ. ಮಗಳು ಕಾದಳು. ಎತ್ತಲು ಆಗಲಿಲ್ಲ.